ಯಾರಿಗಾಗಿ, ಯಾತಕ್ಕಾಗಿ: ಬರೆಯುವವರು ತಮ್ಮ ಉದ್ದೇಶವನ್ನು ಪತ್ತೆಹಚ್ಚುವ ಬಗೆ

ಕಾಸರಗೋಡಿನಲ್ಲಿ ಕನ್ನಡದಲ್ಲಿ ಬರೆಯುವವರನ್ನು ‘ಯಾಕೆ ಬರೆಯುತ್ತೀರಿ’ ಎಂದು ಕೇಳಿದರೆ ಬಾಯಿಗೆ ಮೊದಲು ಬರುವ ಉತ್ತರ ‘ಇಲ್ಲಿ ಕನ್ನಡ ಉಳಿಯಬೇಕಲ್ಲ’ ಎಂಬುದು. 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದು ಕಡತದಲ್ಲೇ ಉಳಿಯಿತು. ಇಷ್ಟೆಲ್ಲ ಆದ ಮೇಲೆ ಇಂಥ ಉತ್ತರ ಬಂದರೆ ಆಶ್ಚರ್ಯವಿಲ್ಲ, ಅದರಲ್ಲಿ ಸುಳ್ಳೂ ಇಲ್ಲ. ಆದರೆ ಬರೆಯಲು ಕೂತು, ಎರಡನೇ ಪ್ಯಾರಾದಲ್ಲಿ ಸಿಕ್ಕಿಹಾಕಿಕೊಂಡು, ಅಜ್ಜನ ಮನೆಯ ವರ್ಣನೆ ಇಟ್ಟುಕೊಳ್ಳಲೋ ತೆಗೆಯಲೋ ಎಂದು ತಲೆ ಕೆರೆದುಕೊಳ್ಳುತ್ತಿರುವವರಿಗೆ ಆ ಉತ್ತರ ಏನನ್ನೂ ಹೇಳಿಕೊಡುವುದಿಲ್ಲ. ವರ್ಣನೆ ಇಟ್ಟರೂ ಕನ್ನಡವೇ, ತೆಗೆದರೂ ಕನ್ನಡವೇ.

ಬರವಣಿಗೆಯ ಉದ್ದೇಶ ಎಂದರೆ ಸಾಲು ಸಾಲಿನ ಮಟ್ಟದಲ್ಲಿ ಕೆಲಸಕ್ಕೆ ಬರಬೇಕಾದ ಸಂಗತಿ. ಯಾವ ಮಾತು ಉಳಿಯಬೇಕು, ಯಾವುದು ಹೋಗಬೇಕು, ಎಲ್ಲಿಂದ ಶುರುಮಾಡಬೇಕು ಎಂಬುದನ್ನು ಅದು ತೀರ್ಮಾನಿಸಿಕೊಡಬೇಕು. ಅಷ್ಟು ಮಾಡದಿದ್ದರೆ ಅದನ್ನು ಅಭಿಮಾನ ಎನ್ನಿ, ನಂಬಿಕೆ ಎನ್ನಿ, ಸಭೆಯಲ್ಲಿ ಹೇಳುವ ಮಾತು ಎನ್ನಿ. ಬರೆಯುವ ಮೇಜಿಗೆ ಅದರಿಂದ ಉಪಯೋಗವಿಲ್ಲ.

ದೊಡ್ಡ ಉದ್ದೇಶಗಳೆಲ್ಲ ವ್ಯರ್ಥ ಎಂದು ಇದರ ಅರ್ಥವಲ್ಲ. ಕಯ್ಯಾರ ಕಿಞ್ಞಣ್ಣ ರೈಗಳ ‘ಬೆಂಕಿ ಬಿದ್ದಿದೆ ಮನೆಗೆ’ ಕವಿತೆ ಭಾಷಾಭಿಮಾನದ್ದೇ. ಅದು ಯಾಕೆ ನಿಂತಿತು ನೋಡಿ. ಅದಕ್ಕೆ ಎದುರಿಗೊಬ್ಬ ಕೇಳುಗನಿದ್ದಾನೆ, ಅವನು ತಕ್ಷಣ ಎದ್ದು ಬರಬೇಕೆಂಬ ಕರೆ ಇದೆ, ಆ ಕರೆಗೆ ತಕ್ಕ ಕಾಲವೂ ಇತ್ತು. ಮೂರೂ ಸೇರಿದ್ದರಿಂದ ದೊಡ್ಡ ಮಾತು ಸಾಲಿನೊಳಗೆ ಇಳಿಯಿತು. ಕೇಳುಗ ಯಾರೆಂದು ಗೊತ್ತಿಲ್ಲದೆ, ಅವನು ಏನು ಮಾಡಬೇಕೆಂದು ತಿಳಿಯದೆ ಅದೇ ಅಭಿಮಾನವನ್ನು ಇಟ್ಟುಕೊಂಡು ಬರೆದ ಪದ್ಯಗಳು ಎಷ್ಟೋ ಸ್ಮರಣಸಂಚಿಕೆಗಳಲ್ಲಿ ಮಲಗಿವೆ.

ಕೆಟ್ಟಿರುವುದು ಯಾವುದು?

ಉದ್ದೇಶ ಮತ್ತು ಪ್ರೇರಣೆ ಎರಡನ್ನೂ ಒಂದೇ ಎಂದುಕೊಳ್ಳುವುದು ಸಾಮಾನ್ಯ. ಈ ಬರಹ ಯಾರಲ್ಲಿ ಏನನ್ನು ಆಗಿಸಬೇಕು ಎಂಬುದು ಉದ್ದೇಶ. ಇವತ್ತು ರಾತ್ರಿ ಮೊಬೈಲು ಪಕ್ಕಕ್ಕಿಟ್ಟು ಕೂರುವಂತೆ ಮಾಡುವುದು ಪ್ರೇರಣೆ. ಒಂದು ಕೆಟ್ಟರೆ ಇನ್ನೊಂದನ್ನು ರಿಪೇರಿ ಮಾಡಿ ಫಲವಿಲ್ಲ.

ಯಾವುದು ಕೆಟ್ಟಿದೆ ಎಂದು ತಿಳಿಯಲು ಅರ್ಧಕ್ಕೆ ಬಿಟ್ಟ ಕರಡುಗಳನ್ನು ತೆಗೆದು ನೋಡಿದರೆ ಸಾಕು. ಮೊದಲ ಪುಟವೇ ಮುಗಿಯದ ಕರಡುಗಳು ಸಾಲಾಗಿ ಸಿಕ್ಕರೆ ಸಾಮಾನ್ಯವಾಗಿ ದೋಷ ಪ್ರೇರಣೆಯದ್ದು: ಸಮಯ, ಜಾಗ, ಅಭ್ಯಾಸ, ಅಂಜಿಕೆ. ಮುಕ್ಕಾಲು ಭಾಗ ಬಂದು ನಿಂತವು ಹೆಚ್ಚಿದ್ದರೆ ದೋಷ ಉದ್ದೇಶದ್ದು. ಬರೆಯುವ ಹುಮ್ಮಸ್ಸು ಇತ್ತು, ವಸ್ತು ಇತ್ತು, ಮುಗಿಸುವಾಗ ಮಾತ್ರ ‘ಹಾಗಾದರೆ ಏನು?’ ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಮೂರನೆಯ ಬಗೆಯೂ ಉಂಟು. ಎಲ್ಲ ಮುಗಿದಿದೆ, ತಿದ್ದಿಯೂ ಆಗಿದೆ, ಯಾರಿಗೂ ತೋರಿಸಿಲ್ಲ. ಇದರ ಬೇರು ಬಹುತೇಕ ಓದುಗನ ಆಯ್ಕೆಯಲ್ಲಿದೆ. ಯಾರ ಮುಂದೆ ಮರ್ಯಾದೆ ಹೋಗಬಹುದು ಎಂಬ ಭಯ ಇದೆಯೋ ಅವರನ್ನೇ ಮನಸ್ಸಿನಲ್ಲಿ ಓದುಗರಾಗಿ ಕೂರಿಸಿಕೊಂಡಾಗ ಹೀಗಾಗುತ್ತದೆ.

ತನಿಖೆ ಮಾಡುವ ಕ್ರಮ

‘ನಾನು ಯಾಕೆ ಬರೆಯುತ್ತೇನೆ’ ಎಂದು ಕಣ್ಣು ಮುಚ್ಚಿ ಕೇಳಿಕೊಂಡರೆ ಬರುವ ಉತ್ತರವನ್ನು ನಂಬುವ ಹಾಗಿಲ್ಲ. ನಾಲ್ಕು ಜನರ ಮುಂದೆ ಹೇಳಲು ಚಂದ ಕಾಣುವ ಉತ್ತರವೇ ಮೊದಲು ಬರುತ್ತದೆ. ನಂಬಬೇಕಾದ್ದು ಈಗಾಗಲೇ ಬರೆದಿಟ್ಟದ್ದನ್ನು.

ಹತ್ತರಿಂದ ಹನ್ನೆರಡು ಬರಹಗಳನ್ನು ಒಟ್ಟುಮಾಡಿ. ಅಚ್ಚಾದವು ಮಾತ್ರ ಸಾಲದು. ಅರ್ಧ ಬಿಟ್ಟದ್ದು, ಸಂಪಾದಕರಿಗೆ ಬರೆದ ಪತ್ರ, ಸಂಬಂಧಿಕರ ವಾಟ್ಸಾಪ್ ಗುಂಪಿಗೆ ಹಾಕಿದ ಉದ್ದದ ಸಂದೇಶ, ಬರೆದು ಅಳಿಸಿದ್ದು ನೆನಪಿದ್ದರೆ ಅದೂ ಬೇಕು. ಒಂದು ಹಾಳೆಯನ್ನು ಅಡ್ಡ ಹಿಡಿದು ನಾಲ್ಕು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಬರೆಯಲು ಕಿಡಿ ಹಚ್ಚಿದ್ದೇನು: ಒಂದು ಸಿಟ್ಟು, ಒಂದು ಸಾವು, ಸ್ಪರ್ಧೆಯ ಪ್ರಕಟಣೆ, ಯಾರೋ ಕೇಳಿದ್ದು. ಎರಡನೆಯದರಲ್ಲಿ ಬರೆಯುವಾಗ ಎದುರಿಗೆ ಕಾಣುತ್ತಿದ್ದ ಮುಖ. ಮೂರನೆಯದರಲ್ಲಿ ಕೈ ನಿಂತ ಜಾಗ. ನಾಲ್ಕನೆಯದರಲ್ಲಿ ಮುಗಿಸಿದ ಕೂಡಲೇ ಮೊದಲು ಯಾರಿಗೆ ಕಳುಹಿಸಿದಿರಿ ಎಂಬುದು.

ಈ ನಾಲ್ಕನೇ ಕಾಲಂ ಸುಳ್ಳು ಹೇಳುವುದಿಲ್ಲ. ಸಮಾಜ ಬದಲಾಗಲಿ ಎಂದು ಬರೆದ ಎಂಟು ಲೇಖನಗಳೂ ಮೊದಲು ಹೋದದ್ದು ಹಳೆಯ ಕನ್ನಡ ಮೇಷ್ಟ್ರಿಗೆ ಎಂದಾದರೆ, ಆ ಬರಹಗಳ ಒಳಗುಟ್ಟು ಬೇರೆಯೇ: ‘ಚೆನ್ನಾಗಿ ಬರೆದಿದ್ದೀ’ ಎಂದು ಅವರಿಂದ ಕೇಳಬೇಕು. ನಾಚಿಕೆಪಡುವಂಥದ್ದು ಏನೂ ಇಲ್ಲ. ಗೊತ್ತಿದ್ದರೆ ಭಾಷೆಯ ಸೊಗಸಿಗೆ ಹೆಚ್ಚು ಒತ್ತು ಬೀಳುವ ಪ್ರಬಂಧ, ಲಲಿತ ಬರಹಗಳ ಕಡೆ ಹೋಗಬಹುದು. ಗೊತ್ತಿಲ್ಲದಿದ್ದರೆ ಕುಡಿಯುವ ನೀರಿನ ಸಮಸ್ಯೆಯ ಲೇಖನದಲ್ಲಿ ಅನಗತ್ಯವಾಗಿ ಉಪಮೆಗಳು ತುಂಬುತ್ತವೆ.

ಕಾಲಂ ತುಂಬಿದ ಮೇಲೆ ವಿಂಗಡಿಸಲು ಒಂದು ಹಳೆಯ ಪಟ್ಟಿ ಈಗಲೂ ಚೆನ್ನಾಗಿ ಕೆಲಸ ಮಾಡುತ್ತದೆ. 11ನೇ ಶತಮಾನದ ಆಲಂಕಾರಿಕ ಮಮ್ಮಟ ಕಾವ್ಯಕ್ಕೆ ಆರು ಪ್ರಯೋಜನಗಳನ್ನು ಹೇಳಿದ್ದಾನೆ: ಕೀರ್ತಿ, ಹಣ, ಲೋಕವ್ಯವಹಾರದ ತಿಳುವಳಿಕೆ, ಕೆಡುಕಿನ ನಿವಾರಣೆ, ಓದಿದ ಕ್ಷಣದಲ್ಲೇ ಸಿಗುವ ಆನಂದ, ಪ್ರಿಯೆಯ ಮಾತಿನಂತೆ ನಯವಾದ ಉಪದೇಶ. ಕನ್ನಡ ಎಂ.ಎ. ಮಾಡಿದವರೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇ. ತಮ್ಮ ಬರಹಕ್ಕೆ ಹಚ್ಚಿ ನೋಡಿದವರು ಕಡಿಮೆ. ಮಮ್ಮಟ ಕೀರ್ತಿಗೆ ಕಾಳಿದಾಸನನ್ನೂ, ಹಣಕ್ಕೆ ಶ್ರೀಹರ್ಷನಿಂದ ಧನ ಪಡೆದ ಧಾವಕನನ್ನೂ, ಕೆಡುಕು ಕಳೆದುಕೊಂಡದ್ದಕ್ಕೆ ಸೂರ್ಯನನ್ನು ಸ್ತುತಿಸಿದ ಮಯೂರನನ್ನೂ ಹೆಸರಿಸುತ್ತಾನೆ. ಕೀರ್ತಿ, ಹಣಗಳನ್ನು ಮೊದಲೆರಡು ಸ್ಥಾನದಲ್ಲಿ ಇಡಲು ಅವನಿಗೆ ಮುಜುಗರವಾಗಲಿಲ್ಲ. ನಮಗೆ ಆಗುತ್ತದೆ. ಆದ್ದರಿಂದಲೇ ಪಟ್ಟಿ ಉಪಯುಕ್ತ.

ಪ್ರತಿ ಬರಹಕ್ಕೂ 20 ಅಂಕ ಇಟ್ಟುಕೊಂಡು ಈ ಆರರ ನಡುವೆ ಹಂಚಿ. ಎರಡು ನಿಯಮ: ಯಾವ ಎರಡಕ್ಕೂ ಸಮ ಅಂಕ ಕೊಡುವಂತಿಲ್ಲ (ಸೊನ್ನೆಗಳಿಗೆ ಮಾತ್ರ ರಿಯಾಯಿತಿ); ಒಂದಕ್ಕಾದರೂ 8ಕ್ಕಿಂತ ಹೆಚ್ಚು ಬೀಳಬೇಕು. ಸಮ ಅಂಕಕ್ಕೆ ಅವಕಾಶ ಕೊಟ್ಟರೆ ಎಲ್ಲರೂ ಎಲ್ಲದಕ್ಕೂ ಮೂರೋ ನಾಲ್ಕೋ ಹಾಕಿ ಎದ್ದುಬಿಡುತ್ತಾರೆ. ಅಂಕ ಬರಹಕ್ಕೆ, ನಿಮ್ಮ ಬದುಕಿಗಲ್ಲ. ಒಬ್ಬರೇ ತಿಂಗಳ ಅಂಕಣವನ್ನು ಹಣಕ್ಕೂ, ಕವಿತೆಯನ್ನು ಆನಂದಕ್ಕೂ, ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಬಗೆಗಿನ ಲೇಖನವನ್ನು ಕೆಡುಕಿನ ನಿವಾರಣೆಗೂ ಬರೆಯಬಹುದು. ಹನ್ನೆರಡರಲ್ಲಿ ಏಳೆಂಟು ಬರಹಗಳಿಗೆ ಒಂದೇ ಕಡೆ ಹೆಚ್ಚು ಅಂಕ ಬಿದ್ದರೆ ಅಲ್ಲಿ ನಿಮ್ಮ ಒಲವು ಇದೆ ಎಂದು ಲೆಕ್ಕ.

‘ಕೆಡುಕಿನ ನಿವಾರಣೆ’ಯಲ್ಲಿ ಒಂದು ಉಪಭೇದ ಮಾಡಿಕೊಳ್ಳಬೇಕು. ಊರಿನ ಕೆಡುಕು ಬೇರೆ, ಒಳಗಿನದು ಬೇರೆ. ದುಃಖ, ಅವಮಾನ, ಅಗಲಿಕೆಯನ್ನು ಬರೆದು ಹಗುರಾಗುವವರಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮನ್ನು ಕಾಡಿದ ಘಟನೆಯ ಬಗ್ಗೆ ಬರೆದರು. ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಯಿತು. ಮುಂದಿನ ತಿಂಗಳುಗಳಲ್ಲಿ ಮಾತ್ರ, ಘಟನೆಯನ್ನೂ ಅದರ ಹಿಂದಿನ ಭಾವನೆಯನ್ನೂ ಸೇರಿಸಿ ಬರೆದವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆಯಾಯಿತು. ಆ ಕಾಗದಗಳನ್ನು ಯಾರೂ ಪುಸ್ತಕ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ. ತನಗಾಗಿ ಬರೆದದ್ದು ಬರೆದ ಕ್ಷಣಕ್ಕೇ ಕೆಲಸ ಮುಗಿಸಿರುತ್ತದೆ. ಅದನ್ನು ಹಾಗೆಯೇ ಪತ್ರಿಕೆಗೆ ಕಳುಹಿಸಿ, ವಾಪಸು ಬಂದಾಗ ನನ್ನ ನೋವನ್ನೇ ತಿರಸ್ಕರಿಸಿದರು ಎಂದು ನೊಂದುಕೊಳ್ಳುವುದರಲ್ಲಿ ಅರ್ಥವಿಲ್ಲ. ಓದುಗನಿಗಾಗಿ ಬೇಕೆಂದರೆ ಇನ್ನೊಮ್ಮೆ, ಬೇರೆಯಾಗಿ ಬರೆಯಬೇಕು.

ಗಡಿನಾಡಿನ ನಾಲ್ಕು ಓದುಗರು

ಓದುಗ ಯಾರು ಎಂಬ ಪ್ರಶ್ನೆ ಧಾರವಾಡದವರಿಗಿಂತ ಮಂಜೇಶ್ವರದವರಿಗೆ ಕಷ್ಟದ್ದು. ಇಲ್ಲಿ ಕನ್ನಡದಲ್ಲಿ ಬರೆದರೆ ಕಲ್ಪನೆಗೆ ಬರುವ ಓದುಗರು ಕನಿಷ್ಠ ನಾಲ್ಕು ಬಗೆ. ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯ ಕನ್ನಡಿಗ. ಅವರಿಗೆ ಸರ್ಕಾರಿ ಸೇವೆಗಳ ಅಕ್ಷಯ ಕೇಂದ್ರ, ಮಹಿಳಾ ಸಂಘಗಳ ಕುಟುಂಬಶ್ರೀ ಎಂದರೆ ವಿವರಣೆ ಬೇಡ. ಬೆಂಗಳೂರು, ಮೈಸೂರಿನ ಓದುಗ, ಅವರಿಗೆ ಬೇಕು. ಮಲಯಾಳ ಓದುವ ನೆರೆಯವನು. ಅವನ ಬಗ್ಗೆ ಬರೆಯುತ್ತೇವೆ, ಅವನಿಗೆ ತಲುಪುವುದಿಲ್ಲ. ನಾಲ್ಕನೆಯವರು ಮನೆಯಲ್ಲೇ ಇದ್ದಾರೆ: ಕನ್ನಡ ಮಾತಾಡುವ, ಶಾಲೆಯಲ್ಲಿ ಮಲಯಾಳವನ್ನೋ ಇಂಗ್ಲಿಷನ್ನೋ ಓದಿದ, ಕನ್ನಡ ಅಕ್ಷರ ಕೂಡಿಸಿ ಓದಬೇಕಾದ ಮಕ್ಕಳು.

ನಾಲ್ವರನ್ನೂ ಒಟ್ಟಿಗೆ ಹಿಡಿಯಲು ಹೋದ ಬರಹ ಗುರುತು ಸಿಗುವ ಹಾಗೆ ಕೆಡುತ್ತದೆ. ಪ್ರತಿ ಸ್ಥಳೀಯ ಪದಕ್ಕೂ ಪಕ್ಕದಲ್ಲಿ ಅರ್ಥ, ಪ್ರತಿ ಊರಿಗೂ ‘ಕೇರಳದ ಗಡಿಭಾಗದಲ್ಲಿರುವ’ ಎಂಬ ಬಾಲ, ಕೊನೆಗೆ ಮಕ್ಕಳಿಗೊಂದು ಕಿವಿಮಾತು. ಊರಿನವರಿಗೆ ಬೇಸರ, ಹೊರಗಿನವರಿಗೆ ಗೊಂದಲ.

ದೂರು ಹೇಳುವ ಬರಹಗಳಲ್ಲಿ ಈ ತಪ್ಪು ದುಬಾರಿಯಾಗುತ್ತದೆ. ಸರ್ಕಾರಿ ಅರ್ಜಿ ಫಾರಂ ಬರೀ ಮಲಯಾಳದಲ್ಲಿದೆ ಎಂದಿಟ್ಟುಕೊಳ್ಳಿ. ಕನ್ನಡ ಪತ್ರಿಕೆಯಲ್ಲಿ ಒಂದು ಸಾವಿರ ಪದಗಳ ಲೇಖನ ಬರೆದರೆ ಅದನ್ನು ಓದುವವರೆಲ್ಲ ಮೊದಲೇ ಒಪ್ಪಿದವರು. ಫಾರಂ ಬದಲಿಸುವ ಅಧಿಕಾರ ಇರುವವರು ಅದನ್ನು ಓದುವುದೇ ಇಲ್ಲ. ಫಾರಂ ಬದಲಾಗಬೇಕು ಎಂಬುದೇ ಉದ್ದೇಶವಾದರೆ ಬರೆಯಬೇಕಾದ್ದು ಒಂದು ಪುಟದ ಮನವಿ: ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ, ಫಾರಂನ ಹೆಸರು, ಸಿಕ್ಕಿದ ದಿನಾಂಕ, ಭಾಷಾ ಅಲ್ಪಸಂಖ್ಯಾತರಿಗೆ ಇರುವ ಸೌಲಭ್ಯದ ಆದೇಶದ ಪ್ರತಿಯೊಂದಿಗೆ. ಊರಿನವರನ್ನು ಒಟ್ಟುಮಾಡುವುದು ಉದ್ದೇಶವಾದರೆ ಲೇಖನ ಸರಿ. ಆಗ ಅದು ಸಿಟ್ಟಿನಲ್ಲಿ ಮುಗಿಯದೆ, ಯಾವ ದಿನ ಎಲ್ಲಿ ಸೇರಬೇಕು ಎಂಬಲ್ಲಿ ಮುಗಿಯಬೇಕು.

ಭಾಷೆಯ ಆಯ್ಕೆಯೂ ಇಲ್ಲೇ ಬರುತ್ತದೆ. ಏಳು ಭಾಷೆಗಳ ನೆಲ ಎಂದು ಹೆಸರಾದ ಜಿಲ್ಲೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳ ಮನೆಮಾತಾಗಿದ್ದು ಶಾಲೆಯಲ್ಲಿ ಕನ್ನಡ ಕಲಿತವರು ಬಹಳ. ಸಾರಾ ಅಬೂಬಕ್ಕರ್ ಕಾಸರಗೋಡಿನಲ್ಲಿ ಹುಟ್ಟಿದವರು, ಮನೆಮಾತು ಮಲಯಾಳ, ಓದಿದ್ದು ಕನ್ನಡ. ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂತು. ಆ ಮನೆಗಳ ಒಳಗನ್ನು ಕಂಡೇ ಇರದ ಓದುಗರ ಕೈಗೆ ಅದು ನೇರ ತಲುಪಿತು. ಮನೆಮಾತಲ್ಲದ ಭಾಷೆಯಲ್ಲಿ ಬರೆಯುವುದನ್ನು ಕೊರತೆ ಎಂದುಕೊಳ್ಳುವವರು ಇದನ್ನು ಗಮನಿಸಬೇಕು. ಯಾರಿಗೆ ಹೇಳಬೇಕು ಎಂಬುದು ತೀರ್ಮಾನವಾದರೆ ಯಾವ ಭಾಷೆ ಎಂಬುದು ಬಹುಮಟ್ಟಿಗೆ ತೀರ್ಮಾನವಾದ ಹಾಗೆ.

ಒಂದೇ ಸುರಂಗ, ನಾಲ್ಕು ಆರಂಭ

ಉದ್ದೇಶ ಬದಲಾದಾಗ ಸಾಲು ಹೇಗೆ ಬದಲಾಗುತ್ತದೆ ಎಂದು ಹತ್ತಿರದಿಂದ ನೋಡೋಣ. ವಸ್ತು: ನಮ್ಮ ಗುಡ್ಡೆಗಳ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಒಬ್ಬ ಮನುಷ್ಯ ಹೋಗುವಷ್ಟು ಅಗಲದಲ್ಲಿ ಮಾಡುವ ನೀರಿನ ಸುರಂಗ. ಬಾಯಾರು, ಪಡ್ರೆಯ ಕಡೆ ಇದನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ.

ಸುರಂಗ ತೋಡುವ ಕಸುಬು ಮುಂದಿನವರಿಗೆ ದಾಖಲೆಯಾಗಿ ಉಳಿಯಬೇಕು ಎಂದಾದರೆ ಹೀಗೆ ಶುರುಮಾಡಬಹುದು: ‘ಉದ್ದ ಹಿಡಿಯ ಪಿಕ್ಕಾಸು ಸುರಂಗಕ್ಕೆ ಆಗದು, ಬೀಸಲು ಜಾಗವೇ ಇಲ್ಲ. ಹಿಡಿಯನ್ನು ಗಿಡ್ಡ ಮಾಡಿಕೊಂಡೇ ಒಳಗೆ ಹೋಗಬೇಕು.’

ನೀರಿಗೆ ದಾರಿ ಹುಡುಕುತ್ತಿರುವ ಕೃಷಿಕನಿಗೆ ಆದರೆ: ‘ಬೋರ್‌ವೆಲ್ ಕೊರೆಸುವ ಮೊದಲು ಮಾರ್ಚ್ ತಿಂಗಳಲ್ಲಿ ಒಮ್ಮೆ ನಿಮ್ಮ ದರೆಯನ್ನು ನೋಡಿಬನ್ನಿ. ಬೇಸಿಗೆಯಲ್ಲೂ ಪಸೆ ಆರದ, ಹಸಿರು ಬಾಡದ ಜಾಗ ಉಂಟೇ?’

ಪಂಚಾಯತಿಗೆ ಆದರೆ: ‘ಜಲಮೂಲಗಳ ಪಟ್ಟಿಯಲ್ಲಿ ಬಾವಿ, ಕೆರೆ, ಮದಕಗಳ ಜೊತೆ ಸುರಂಗಕ್ಕೂ ಒಂದು ಕಲಂ ಬೇಕು. ನಮ್ಮ ವಾರ್ಡಿನಲ್ಲಿ ಇರುವ ಸುರಂಗಗಳು, ಸರ್ವೆ ನಂಬರ್ ಸಹಿತ, ಈ ಕೆಳಗಿವೆ.’

ಓದಿದ ಕ್ಷಣದ ಅನುಭವಕ್ಕಾಗಿ ಆದರೆ: ‘ಹತ್ತು ಹೆಜ್ಜೆ ಒಳಗೆ ಹೋದರೆ ಹೊರಗಿನ ಕಾಗೆಯ ದನಿ ನಿಲ್ಲುತ್ತದೆ. ಆಮೇಲೆ ಕೇಳುವುದು ಎಲ್ಲಿಂದಲೋ ತೊಟ್ಟಿಕ್ಕುವ ನೀರು.’

ಈಗ ಒಂದು ಸಣ್ಣ ವಿವರ ತೆಗೆದುಕೊಳ್ಳಿ: ತೋಡುವವರು ಒಳಗೆ ಮೊಂಬತ್ತಿ ಹಚ್ಚಿಡುತ್ತಾರೆ, ಅದು ಆರುವ ಹಾಗಾದರೆ ಗಾಳಿ ಸಾಲದು ಎಂದು ತಿಳಿದು ಹೊರಗೆ ಬರುತ್ತಾರೆ. ಕಸುಬಿನ ದಾಖಲೆಯಲ್ಲಿ ಇದು ವಿಧಾನ. ಮೊಂಬತ್ತಿಯನ್ನು ಎಲ್ಲಿ ಇಡುತ್ತಾರೆ, ಜ್ವಾಲೆ ಸಣ್ಣದಾದಾಗಲೇ ಹೊರಡುತ್ತಾರೋ ಆರುವವರೆಗೆ ಕಾಯುತ್ತಾರೋ, ಎಲ್ಲ ಬೇಕು. ಕೃಷಿಕನ ಲೇಖನದಲ್ಲಿ ಅದು ಎಚ್ಚರಿಕೆ, ಒಂದೇ ವಾಕ್ಯ, ಆದರೆ ಬಿಡುವಂತಿಲ್ಲ; ಬಿಟ್ಟರೆ ಜೀವಕ್ಕೆ ಅಪಾಯ. ಪಂಚಾಯತಿನ ಮನವಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ನಾಲ್ಕನೆಯದರಲ್ಲಿ ಅದೇ ಬರಹದ ಕೇಂದ್ರವಾಗಬಹುದು, ವಿವರಣೆ ಇಲ್ಲದೆ. ಉದ್ದೇಶ ಗೊತ್ತಿಲ್ಲದ ಕರಡಿನಲ್ಲಿ ಮೊಂಬತ್ತಿ ಮೂರನೇ ಪ್ಯಾರಾದಲ್ಲಿ ಅರ್ಧ ವಿಧಾನವಾಗಿ, ಅರ್ಧ ರೂಪಕವಾಗಿ ಬಂದು ಹೋಗುತ್ತದೆ. ಓದುಗನಿಗೆ ಚಂದ ಅನ್ನಿಸಬಹುದು; ಒಳಗೆ ಹೋಗುವವನಿಗೆ ಉಪಕಾರವಾಗದು.

ಹಾಗಾಗಿ ಕರಡು ಶುರುಮಾಡುವ ಮೊದಲು ಒಂದೇ ಒಂದು ವಾಕ್ಯ ಬರೆದಿಡಿ: ‘ಇದನ್ನು ಓದಿದ ಇಂಥವರಿಗೆ ಇಂಥದ್ದು ತಿಳಿಯಬೇಕು’, ಅಥವಾ ‘ಕಾಣಬೇಕು’, ಅಥವಾ ‘ಮಾಡಬೇಕು ಅನ್ನಿಸಬೇಕು’. 15 ಪದ ದಾಟಬಾರದು. ‘ಮತ್ತು’ ಬಂದರೆ ಎರಡು ಬರಹ ಒಂದರೊಳಗೆ ಸೇರಿವೆ ಎಂದು ಅರ್ಥ. ‘ಎಲ್ಲರಿಗೂ’, ‘ಸಮಾಜಕ್ಕೆ’, ‘ಯುವಜನತೆಗೆ’ ಎಂದು ಬರೆದಿದ್ದರೆ ಹೊಡೆದುಹಾಕಿ, ಗುರುತಿರುವ ಒಬ್ಬರ ಹೆಸರು ಹಾಕಿ. ಆ ಹೆಸರು ಅಚ್ಚಾಗುವುದಿಲ್ಲ, ನಿಮ್ಮ ಹಾಳೆಯಲ್ಲಿ ಇರುತ್ತದೆ.

ವಾಕ್ಯ ಗಟ್ಟಿಯಿದೆಯೋ ಇಲ್ಲವೋ ಎಂದು ನೋಡಲು ಹಳೆಯ ಕರಡೊಂದನ್ನು ಎದುರಿಗಿಟ್ಟು ಆ ವಾಕ್ಯದ ಪ್ರಕಾರ ಕತ್ತರಿಸಿ. ಹತ್ತು ಪ್ಯಾರಾದಲ್ಲಿ ಎರಡಾದರೂ ಹೋಗಬೇಕು. ಒಂದೂ ಹೋಗದಿದ್ದರೆ ವಾಕ್ಯ ತೀರ ಸಡಿಲ. ಎಂಟು ಹೋದರೆ ವಾಕ್ಯ ಸರಿಯಿರಬಹುದು, ಆದರೆ ಆ ಕರಡು ಅದರದ್ದಲ್ಲ. ಹೋಗಬೇಕಾದ ಪ್ಯಾರಾವನ್ನು ತೆಗೆಯಲು ಹೊಟ್ಟೆ ಉರಿದರೆ ಅದನ್ನೂ ಗುರುತು ಹಾಕಿಕೊಳ್ಳಿ. ನಿಮ್ಮ ನಿಜವಾದ ಆಸಕ್ತಿ ಆ ಪ್ಯಾರಾದಲ್ಲಿ ಇರುವ ಸಾಧ್ಯತೆ ಹೆಚ್ಚು, ಮುಂದಿನ ಬರಹ ಅಲ್ಲಿಂದ ಶುರುವಾಗಬಹುದು.

ಕೂರುವ ಹುಮ್ಮಸ್ಸು ಎಲ್ಲಿಂದ ಬರುತ್ತದೆ, ಎಲ್ಲಿ ಸೋರಿಹೋಗುತ್ತದೆ

ಪ್ರೇರಣೆಯ ಬಗ್ಗೆ ಹೆಚ್ಚು ಒಪ್ಪಿಗೆ ಪಡೆದ ಸಿದ್ಧಾಂತಗಳಲ್ಲಿ ಒಂದು ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅವರದ್ದು. ಮನುಷ್ಯನ ಹುಮ್ಮಸ್ಸು ಬಾಳಲು ಮೂರು ಬೇಕು ಎನ್ನುತ್ತಾರೆ: ತಾನೇ ಆರಿಸಿಕೊಂಡ ಕೆಲಸ ಎಂಬ ಭಾವ, ಕೈ ಪಳಗುತ್ತಿದೆ ಎಂಬ ಭರವಸೆ, ತನ್ನವರು ಎನ್ನುವವರ ಜೊತೆ ನಂಟು. ಗಡಿನಾಡಿನ ಬರಹಗಾರರಿಗೆ ಮೂರನೆಯದಕ್ಕೆ ಕೊರತೆ ಇಲ್ಲ. ಸಂಘಗಳಿವೆ, ಕವಿಗೋಷ್ಠಿಗಳಿವೆ, ಶಾಲು ಹೊದೆಸಲು ಕಾಯುತ್ತಿರುವ ಕೈಗಳಿವೆ. ಕೊರತೆ ಇರುವುದು ಎರಡನೆಯದಕ್ಕೆ. ಓದಿದ್ದಕ್ಕೆಲ್ಲ ಚಪ್ಪಾಳೆ ಬಿದ್ದರೆ ಯಾವುದು ಚೆನ್ನಾಗಿತ್ತು ಎಂದು ತಿಳಿಯುವುದು ಹೇಗೆ? ಅಲ್ಪಸಂಖ್ಯಾತರಾಗಿ ಬದುಕುವ ಕಡೆ ಬರೆಯುವವರನ್ನು ನೋಯಿಸಬಾರದು ಎಂಬ ಸದ್ಭಾವನೆ ಇದೆ, ಅದು ಅರ್ಥವಾಗುವಂಥದ್ದೇ. ಆದರೂ ಎಲ್ಲದಕ್ಕೂ ಮೆಚ್ಚುಗೆ ಸಿಕ್ಕಿದ ಬರಹಗಾರ ಕೆಲವು ವರ್ಷಗಳಲ್ಲಿ ಸುಮ್ಮನಾಗಿಬಿಡುವುದಕ್ಕೆ ಇದೂ ಒಂದು ಕಾರಣ ಎನ್ನದೆ ವಿಧಿಯಿಲ್ಲ.

ಹತ್ತು ಜನರಿಗೆ ಕಳುಹಿಸುವ ಬದಲು ಒಬ್ಬರಿಗೆ ಕೊಡಿ. ‘ಹೇಗಿದೆ?’ ಎಂದು ಕೇಳಬೇಡಿ. ‘ಚೆನ್ನಾಗಿದೆ’ ಎನ್ನದೆ ಅವರಿಗೆ ಬೇರೆ ದಾರಿ ಇರುವುದಿಲ್ಲ. ಎಲ್ಲಿ ಬೇಸರ ಬಂತು, ಎಲ್ಲಿ ಅರ್ಥವಾಗಲಿಲ್ಲ, ಮರುದಿನ ಏನು ನೆನಪಿತ್ತು ಎಂದು ಕೇಳಿ. ಮೂರನೆಯ ಉತ್ತರವನ್ನು ನಿಮ್ಮ ಉದ್ದೇಶದ ವಾಕ್ಯದ ಪಕ್ಕ ಇಟ್ಟು ನೋಡಿದರೆ ಬರಹ ತಲುಪಿತೋ ಇಲ್ಲವೋ ಗೊತ್ತಾಗುತ್ತದೆ.

ಬಹುಮಾನಗಳ ವಿಷಯ ಸ್ವಲ್ಪ ಸೂಕ್ಷ್ಮ. ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ ಮೊದಲೇ ‘ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಹೇಳಿದರು. ಕೆಲವು ದಿನಗಳ ಬಳಿಕ ಆ ಮಕ್ಕಳು ಬಣ್ಣದ ಪೆನ್ನು ಮುಟ್ಟುವುದೇ ಕಡಿಮೆಯಾಯಿತು. ಮೊದಲೇ ಹೇಳದೆ, ಬಿಡಿಸಿದ ಮೇಲೆ ಅಚಾನಕ್ಕಾಗಿ ಅದೇ ಪತ್ರ ಪಡೆದ ಮಕ್ಕಳಲ್ಲಿ ಹಾಗಾಗಲಿಲ್ಲ. ಬರೆಯುವವರ ಮೇಲೆಯೇ ತೆರೇಸಾ ಅಮಾಬಿಲೆ ನಡೆಸಿದ 1985ರ ಅಧ್ಯಯನವೊಂದಿದೆ. 72 ಮಂದಿ ಒಂದು ಚುಟುಕು ಪದ್ಯ ಬರೆದರು. ಬಳಿಕ ಒಂದು ಗುಂಪಿಗೆ ಹಣ, ಹೆಸರು, ಮೆಚ್ಚುಗೆಯಂಥ ಕಾರಣಗಳ ಪಟ್ಟಿ ಕೊಟ್ಟು ಕ್ರಮವಾಗಿ ಜೋಡಿಸಲು ಹೇಳಿದರು; ಇನ್ನೊಂದು ಗುಂಪಿಗೆ ಬರೆಯುವ ಖುಷಿಗೆ ಸಂಬಂಧಿಸಿದ ಕಾರಣಗಳ ಪಟ್ಟಿ; ಮೂರನೆಯದಕ್ಕೆ ಯಾವುದೂ ಇಲ್ಲ. ಮತ್ತೆ ಪದ್ಯ ಬರೆಸಿ ಕವಿಗಳಿಂದಲೇ ತೀರ್ಪು ಕೊಡಿಸಿದಾಗ ಮೊದಲ ಗುಂಪಿನ ಪದ್ಯಗಳು ಸೊರಗಿದ್ದವು. ಹೊರಗಿನ ಕಾರಣಗಳನ್ನು ಕೆಲವೇ ನಿಮಿಷ ಯೋಚಿಸಿದ್ದು ಸಾಕಾಯಿತು.

ಇದರಿಂದ ಸ್ಪರ್ಧೆಗೆ ಬರೆಯಲೇಬಾರದು ಎಂದು ತೀರ್ಮಾನಿಸಬೇಕಾಗಿಲ್ಲ. ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆ ಕೊನೆಯ ದಿನಾಂಕ ಕೊಡುತ್ತದೆ, ಪದಮಿತಿ ಕೊಡುತ್ತದೆ, ಎರಡೂ ಒಳ್ಳೆಯದೇ. ಕ್ರಮ ಮಾತ್ರ ತಿರುಗಿಸಿಕೊಳ್ಳಿ. ಕತೆಯನ್ನು ಮೊದಲು ಬರೆದು, ಯಾವ ಸ್ಪರ್ಧೆಗೆ ಹೊಂದುತ್ತದೆ ಎಂದು ಆಮೇಲೆ ನೋಡಿ. ಕರಡು ತಿದ್ದುವ ವಾರದಲ್ಲಿ ಬಹುಮಾನದ ಮೊತ್ತ, ಹಿಂದಿನ ವರ್ಷದ ವಿಜೇತರು, ತೀರ್ಪುಗಾರರ ರುಚಿಯ ಮಾತು ಬೇಡ. ಕವಿಗೋಷ್ಠಿಗೂ ಇದೇ. ಮೂರು ನಿಮಿಷದಲ್ಲಿ ಓದಿ ಮುಗಿಯಬೇಕು, ಕಡೆಯ ಸಾಲಿಗೆ ಚಪ್ಪಾಳೆ ಬೀಳಬೇಕು ಎಂಬ ಅಳತೆಗೆ ಹೊಲಿದ ಪದ್ಯಗಳು ಬರಬರುತ್ತಾ ಎಲ್ಲವೂ ಒಂದೇ ಉದ್ದ, ಒಂದೇ ಬಗೆಯ ಕೊನೆ. ಮಂಜೇಶ್ವರದ ಗೋವಿಂದ ಪೈಗಳು 20ನೇ ಶತಮಾನದ ಆರಂಭದಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು (ಸಾಲುಗಳ ಎರಡನೇ ಅಕ್ಷರ ಒಂದೇ ಇರಬೇಕೆಂಬ ಕಟ್ಟು) ಕೈಬಿಟ್ಟದ್ದು ಕೇಳುಗರ ಕಿವಿಯ ಅಭ್ಯಾಸಕ್ಕೆ ವಿರುದ್ಧವಾಗಿ ಎಂಬುದನ್ನು ನಮ್ಮೂರಿನ ಗೋಷ್ಠಿಗಳು ಮರೆತಿವೆ.

ಇನ್ನೊಂದು ಸೋರಿಕೆ: ಮೊದಲೇ ಸಾರುವುದು. ‘ಕಾದಂಬರಿ ಬರೆಯುತ್ತಿದ್ದೇನೆ’ ಎಂದು ಹತ್ತು ಕಡೆ ಹೇಳಿದರೆ ಒತ್ತಡ ಬಿದ್ದು ಬರೆಯಬಹುದು ಎಂಬ ಲೆಕ್ಕಾಚಾರ ಬಹಳ ಸಲ ಉಲ್ಟಾ ಹೊಡೆಯುತ್ತದೆ. ಪೀಟರ್ ಗೋಲ್ವಿಟ್ಜರ್ ಮತ್ತು ಸಹಸಂಶೋಧಕರ 2009ರ ಅಧ್ಯಯನದಲ್ಲಿ, ತಾವು ಆಗಬಯಸಿದ್ದಕ್ಕೆ ಸಂಬಂಧಿಸಿದ ಸಂಕಲ್ಪವನ್ನು ಇನ್ನೊಬ್ಬರ ಗಮನಕ್ಕೆ ತಂದವರು ಆಮೇಲೆ ಅದಕ್ಕಾಗಿ ಪಟ್ಟ ಶ್ರಮ ಕಡಿಮೆಯಾಗಿತ್ತು. ಕಾದಂಬರಿಕಾರ ಎಂಬ ಮರ್ಯಾದೆ ಮುಂಗಡವಾಗಿ ಸಿಕ್ಕಿತಲ್ಲ!

ಕೆಲಸಕ್ಕೆ ಬರುವುದು ಗೋಲ್ವಿಟ್ಜರ್ ಅವರೇ ಹೇಳಿದ ಇನ್ನೊಂದು ವಿಧಾನ: ‘ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ’ ಎಂದು ಹೊತ್ತು, ಜಾಗ ಸಹಿತ ಕಟ್ಟಿಕೊಳ್ಳುವುದು. ‘ಈ ತಿಂಗಳು ಬರೆಯಬೇಕು’ ಎಂಬುದಕ್ಕಿಂತ ‘ರಾತ್ರಿ ಊಟವಾಗಿ ಪಾತ್ರೆ ಕವುಚಿಟ್ಟ ಕೂಡಲೇ ಚಾವಡಿಯ ಮೇಜಿನಲ್ಲಿ 25 ನಿಮಿಷ’ ಎಂಬುದು ಹೆಚ್ಚು ಸಲ ನಡೆಯುತ್ತದೆ. ವಾರಕ್ಕೆ ನಾಲ್ಕು ದಿನ, ದಿನಕ್ಕೆ 200 ಪದ ಎಂದರೂ 1,500 ಪದಗಳ ಲೇಖನದ ಕರಡಿಗೆ ಎರಡು ವಾರ ಸಾಕು, ತಿದ್ದಲು ಇನ್ನೊಂದು ವಾರ. ನಿಲ್ಲಿಸುವಾಗ ಮುಂದಿನ ಸಾಲು ಏನೆಂದು ಗೊತ್ತಿರುವಾಗಲೇ ನಿಲ್ಲಿಸಿ, ಎರಡು ಪದ ಗುರುತು ಹಾಕಿಡಿ. ತೋಟ ಇರುವವರು ವೇಳಾಪಟ್ಟಿಯನ್ನು ಋತುವಿಗೆ ಹೊಂದಿಸದಿದ್ದರೆ ಅದು ಮುರಿಯುವುದು ಖಂಡಿತ. ಅಡಿಕೆಗೆ ಮದ್ದು ಬಿಡುವ ಮಳೆಗಾಲದ ದಿನಗಳಲ್ಲಿ ಹೊಸ ಕರಡಿಗೆ ಕೈಹಾಕಬೇಡಿ. ಹಳೆಯದನ್ನು ಓದಿ ಗುರುತು ಹಾಕುವಷ್ಟು ಕೆಲಸ ಇಟ್ಟುಕೊಳ್ಳಿ. ಕರೆಂಟು ಇಲ್ಲದ ಸಂಜೆಗೆ ಕಾಗದದ ಪ್ರತಿ ಇರಲಿ.

ಪುಸ್ತಕ ಮಾಡಿಸುವ ಮೊದಲು

ಉದ್ದೇಶ ತಿಳಿಯದ್ದಕ್ಕೆ ಕೈಯಿಂದ ಹಣ ಹೋಗುವುದು ಇಲ್ಲಿ. ಕುಟುಂಬದ ಇತಿಹಾಸ, ಅಜ್ಜಿಯ ನೆನಪು, ದೈವಸ್ಥಾನದ ಚರಿತ್ರೆ ಬರೆದವರು ಸಾವಿರ ಪ್ರತಿ ಅಚ್ಚು ಹಾಕಿಸಿ, ಬಿಡುಗಡೆಗೆ ಗಣ್ಯರನ್ನು ಕರೆಸಿ, ಉಳಿದ ಕಟ್ಟುಗಳನ್ನು ಅಟ್ಟಕ್ಕೆ ಏರಿಸುತ್ತಾರೆ. ಓದುಗರು ಯಾರೆಂದು ಹಾಳೆಯ ಮೇಲೆ ಹೆಸರು ಬರೆದು ಎಣಿಸಿದ್ದರೆ ನೂರು ದಾಟುತ್ತಿರಲಿಲ್ಲ. ಡಿಜಿಟಲ್ ಮುದ್ರಣದಲ್ಲಿ ನೂರು ಪ್ರತಿಯನ್ನೂ ಮಾಡಿಸಬಹುದು. ಒಂದು ಪ್ರತಿಗೆ ಬೀಳುವ ಖರ್ಚು ಹೆಚ್ಚಾದರೂ ಒಟ್ಟು ಖರ್ಚು ಬಹಳ ಕಡಿಮೆ. ಕನ್ನಡ ಅಕ್ಷರ ಬಾರದ ಮೊಮ್ಮಕ್ಕಳೇ ಓದುಗರು ಎಂದಾದರೆ ಪುಸ್ತಕದ ಜೊತೆಗೆ ಧ್ವನಿಮುದ್ರಣ ಮಾಡಿಡುವುದು ಒಳ್ಳೆಯದು. ಬೆಂಗಳೂರಿನ ಪ್ರಕಾಶಕರ ಮೂಲಕ ಹೊರಗಿನ ಓದುಗರನ್ನು ಮುಟ್ಟಬೇಕೆಂದರೆ ಬಿಡುಗಡೆಯ ಖರ್ಚನ್ನು ಉಳಿಸಿ, ಕರಡನ್ನು ಇನ್ನೊಮ್ಮೆ ತಿದ್ದಿಸಲು ಹಾಕಿ.

ಉದ್ದೇಶ ನಡುವೆ ಬದಲಾಗುವುದೂ ಉಂಟು. ಊರಿನ ಸುರಂಗಗಳ ದಾಖಲೆ ಮಾಡಲು ಹೊರಟವರಿಗೆ ತೋಡುವ ಕೆಲಸಗಾರರೊಬ್ಬರ ಬದುಕೇ ಹೆಚ್ಚು ಮುಖ್ಯವೆನಿಸಬಹುದು. ಆಗ ಹಳೆಯ ವಾಕ್ಯಕ್ಕೆ ಜೋತುಬೀಳದೆ ಹೊಸದನ್ನು ಬರೆದು, ದಿನಾಂಕ ಹಾಕಿ, ಕರಡಿನ ಆರಂಭವನ್ನು ಪೂರ್ತಿ ತೆಗೆದು ಮತ್ತೆ ಬರೆಯಿರಿ. ನಡುವಿನ ಭಾಗ ಹೆಚ್ಚಾಗಿ ಉಳಿಯುತ್ತದೆ. ಆರಂಭ ಮತ್ತು ಮುಕ್ತಾಯ ಮಾತ್ರ ಹಳೆಯ ಓದುಗನನ್ನು ನೋಡಿಕೊಂಡು ಬರೆದವಾಗಿರುತ್ತವೆ. ಒಂದೇ ಬರಹದಲ್ಲಿ ಮೂರನೇ ಸಲವೂ ವಾಕ್ಯ ಬದಲಾದರೆ ವಸ್ತುವಿನ ಬಗ್ಗೆ ತಿಳಿದದ್ದು ಇನ್ನೂ ಸಾಲದು ಎಂದೇ ಅರ್ಥ. ಆಗ ಕರಡನ್ನು ಮುಚ್ಚಿಟ್ಟು, ಮತ್ತೆ ಹೋಗಿ ಕೇಳಿಕೊಂಡು, ನೋಡಿಕೊಂಡು ಬರಬೇಕು.